ಕಾರವಾರದ ಮರಳ ಮೇಲೊಂದು ಕ್ಷಿಪಣಿ ನೌಕೆ!

ಲಿಂಗದಹಳ್ಳಿ ಸೀಮೆಯವರಿಗೆ ನೀರು ಹೊಸದಲ್ಲ. ಹತ್ತಿರದಲ್ಲೇ ಕಲ್ಲತ್ತಿಗಿರಿ ಜಲಪಾತ, ಅತ್ತ ಲಕ್ಕವಳ್ಳಿ ಡ್ಯಾಮು. ಕಡಲು ಮಾತ್ರ ದೂರ. ನಮ್ಮ ಭದ್ರೆಯೂ ಪಡುವಣ ಕಡಲಿಗೆ ಬೆನ್ನು ಹಾಕಿ, ತುಂಗೆ, ಕೃಷ್ಣೆಯರ ಜೊತೆ ಬಂಗಾಳಕೊಲ್ಲಿಗೇ ಹೊರಟವಳು! ಅಂಥ ನಮ್ಮವರು ಶಿವಮೊಗ್ಗ, ಸಾಗರ ಹಾದು, ಘಟ್ಟ ಇಳಿದು, ಹೊನ್ನಾವರದಲ್ಲಿ ಬಲಕ್ಕೆ ಹೊರಳಿ ಕಾರವಾರ ಮುಟ್ಟಿದರೆ ಕಾಣುವುದೇನು? ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನೆಲಕ್ಕೇ ಏರಿ ನಿಂತ ಯುದ್ಧನೌಕೆ, ಐಎನ್‌ಎಸ್ ಚಪಲ್!

ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ನೌಕೆ. 1976ರಲ್ಲಿ ನಮ್ಮ ನೌಕಾಪಡೆ ಸೇರಿತು, 2005ರಲ್ಲಿ ನಿವೃತ್ತಿ ಪಡೆಯಿತು. ಉದ್ದ ನೋಡಿದರೆ 40 ಮೀಟರೂ ಇಲ್ಲ. ಆದರೆ ಎರಡೂ ಮಗ್ಗುಲು ಸೇರಿ ಗುಡಾಣದಂಥ ನಾಲ್ಕು ಕ್ಷಿಪಣಿ ಗೂಡುಗಳಿವೆ ನೋಡಿ! ಒಂದೊಂದು ಕ್ಷಿಪಣಿಯ ತೂಕ ಎರಡು ಟನ್ನಿಗೂ ಮಿಗಿಲು. ಇದೇ ಜಾತಿಯ ಹಳೆಯ ನೌಕೆಗಳಾದ ನಿಪಾತ್, ನಿರ್ಘಾತ್, ವೀರ್ 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿ ಪಾಕಿಸ್ತಾನದ ಖೈಬರ್ ನೌಕೆಯನ್ನು ಮುಳುಗಿಸಿದವು. ನೌಕಾಪಡೆ ದಿನ ಆಚರಿಸುವುದು ಆ ದಾಳಿಯ ನೆನಪಿಗೇ.

ಒಳಗೆ ಕಾಲಿಟ್ಟರೆ ಇನ್ನೊಂದು ಲೋಕ! ಇಕ್ಕಟ್ಟಾದ ಓಣಿ, ಕಡಿದಾದ ಕಬ್ಬಿಣದ ಏಣಿ, ತಲೆ ತಗ್ಗಿಸಿಯೇ ದಾಟಬೇಕಾದ ಬಾಗಿಲು. ಕಪ್ತಾನ, ನಾವಿಕರ ಗೊಂಬೆಗಳು ಕೆಲಸದಲ್ಲಿ ಮುಳುಗಿವೆ. ಈ ನೌಕೆಯನ್ನು ಓಡಿಸುತ್ತಿದ್ದದ್ದು ಮೂರು ಡೀಸೆಲ್ ಎಂಜಿನ್. ನಮ್ಮೂರಿನ ಬೈಕಿಗೆ ಒಂದೇ ಸಿಲಿಂಡರ್. ಇಲ್ಲಿ ಒಂದೊಂದು ಎಂಜಿನ್ನಿಗೂ 56! ಮೂರೂ ಸೇರಿ 15,000 ಅಶ್ವಶಕ್ತಿ. ಗಂಟೆಗೆ 65 ಕಿ.ಮೀ. ಮೀರಿದ ವೇಗದಲ್ಲಿ ಅಲೆ ಸೀಳುತ್ತಿತ್ತು, ಮೂವತ್ತು ವರ್ಷದ ಹತ್ತಿರ!

ಹೊರಗೆ ಬಂದರೆ ಮತ್ತೊಂದು ಬೆರಗು: ಕಡಲ ಕಾವಲಿಗಿದ್ದ ಟುಪೊಲೆವ್ 142 ವಿಮಾನ. 2017ರಲ್ಲಿ ನಿವೃತ್ತಿಯಾದದ್ದು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 50 ಮೀಟರ್! ನಾಲ್ಕು ಎಂಜಿನ್ನುಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ಪಂಖ, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ.

ಇದರ ಜೊತೆ ಹೋಲಿಸಿ ನೋಡಲು, ಜಪಾನಿನ ಟೋಕಿಯೊ ಡಿಸ್ನಿಸೀ ಗೊತ್ತಲ್ಲ? 2001ರಲ್ಲಿ ತೆರೆದ, ಕಡಲನ್ನೇ ಕಥೆಯಾಗಿಸಿಕೊಂಡ ಮನರಂಜನಾ ಪಾರ್ಕು. ಅಲ್ಲಿ ಮನುಷ್ಯರು ಕಟ್ಟಿದ ಜ್ವಾಲಾಮುಖಿ ಇದೆ. ಎಸ್‌ಎಸ್ ಕೊಲಂಬಿಯಾ ಎಂಬ ಭಾರಿ ಹಡಗೂ ಇದೆ, ಒಳಗೆ ಊಟದ ಹೋಟೆಲಿದೆ. ಸೊಗಸೇ ಸರಿ. ಆದರೆ ಆ ಹಡಗು ಎಂದೂ ಯಾನ ಮಾಡಿದ್ದಲ್ಲ, ನೋಟಕ್ಕೆಂದೇ ಕಟ್ಟಿದ್ದು. ಕಾರವಾರದ್ದು ಉಪ್ಪುನೀರು ಕುಡಿದು ಬಂದ ಅಸಲಿ ಮಾಲು!

ನಮ್ಮ ಶಾಲೆಗಳ ಮೇಷ್ಟ್ರುಗಳೇ, ಈ ಸಲದ ಟೂರು ಜೋಗದಲ್ಲೇ ಮುಗಿಯದಿರಲಿ. ಮಳೆಗಾಲ ಕಳೆದ ಮೇಲೆ ಬಸ್ಸನ್ನು ಕಾರವಾರದವರೆಗೂ ಓಡಿಸಿ, ಮಕ್ಕಳನ್ನು ಚಪಲ್ ಹತ್ತಿಸಿ.