ಬಯಲುಸೀಮೆಗೆ ಬಂದ ಕಡಲ ಮಾತು

ಸಮುದ್ರವನ್ನು ಒಮ್ಮೆಯೂ ಕಾಣದ ಕಾರ್ಮಿಕನೂ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ನಿತ್ಯವೂ ನಾವಿಕರ ಮಾತನ್ನಾಡುತ್ತಾನೆಂಬುದು ವಿಚಿತ್ರವಾಗಿ ತೋರಿದರೂ ನಿಜವಾದ ಸಂಗತಿಯೇ. ಸದರ್ನ್ ಮರಾಠಾ ರೈಲ್ವೆ ಕಂಪನಿಯು 1882ರಲ್ಲಿ ಸ್ಥಾಪಿತವಾಗಿ, ಆ ದಶಕದಲ್ಲಿಯೇ ಆರಂಭಿಸಿದ ಕಾರ್ಯಾಗಾರವಿದು. ಇಲ್ಲಿ ಭಾರವನ್ನೆತ್ತುವ, ಹಗ್ಗ ಜಗ್ಗುವ ಆಳಿಗೆ ರೂಢಿಯಾದ ಹೆಸರು ಖಲಾಸಿ. ಈ ಶಬ್ದವಾದರೋ ಹಡಗಿನ ಆಳಿಗೂ ಸಂದುದು. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ಲರ ಹಾಬ್ಸನ್-ಜಾಬ್ಸನ್ ಕೋಶವು ಅದಕ್ಕೆ ನಾವಿಕನೆಂದೂ ಡೇರೆ ಹೂಡುವವನೆಂದೂ ಅರ್ಥ ಹೇಳುತ್ತದೆ. ಹಾಯಿಗಂಬವನ್ನು ನಿಲ್ಲಿಸಬಲ್ಲ ಕೈ ಬಾಯ್ಲರನ್ನೂ ಎತ್ತಬಲ್ಲದಷ್ಟೆ!

ಡಬ್ಬಿಗಳನ್ನು ಬಿಚ್ಚಿ, ಪರೀಕ್ಷಿಸಿ, ಮರಳಿ ಜೋಡಿಸುವ ಕೆಲಸಕ್ಕೆ ಅಲ್ಲಿ ಸಲ್ಲುವ ‘ಓವರ್‌ಹಾಲ್’ ಎಂಬ ಹೆಸರು ಇನ್ನೂ ಸ್ವಾರಸ್ಯವಾದುದು. ಹಾಯಿಹಡಗಿನಲ್ಲಿ ರಾಟೆಗಳ ನಡುವೆ ಬಿಗಿದ ಹಗ್ಗವನ್ನು ಹಿಮ್ಮುಖವಾಗಿ ಎಳೆದು ಸಡಿಲಿಸುವುದು ಓವರ್‌ಹಾಲ್. ಹೀಗೆ ಎಳೆದು ಬಿಡಿಸಿ ನೋಡುವ ಕ್ರಿಯೆಯೇ ಕಾಲಕ್ರಮದಲ್ಲಿ ಕೂಲಂಕಷ ಪರಿಶೀಲನೆಯಾಗಿ, ದುರಸ್ತಿಯಾಗಿ, ಯಂತ್ರಗಳ ಲೋಕವನ್ನು ಪ್ರವೇಶಿಸಿತು. ಸರಕಾರಿ ಜೀಪಿನ ಚಾಲಕನು ಬರೆದಿಡುವ ಲಾಗ್ ಬುಕ್ಕಿನ ‘ಲಾಗ್’ ಕೂಡ ಮೊದಲು ಒಂದು ಮರದ ತುಂಡು. ಸಮಾನ ಅಂತರದಲ್ಲಿ ಗಂಟು ಹಾಕಿದ ದಾರಕ್ಕೆ ಅದನ್ನು ಕಟ್ಟಿ ಕಡಲಿಗೆಸೆದು, 28 ಸೆಕೆಂಡುಗಳ ಮರಳುಗಡಿಯಾರವು ಬರಿದಾಗುವಷ್ಟರಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದುವೆಂದು ಎಣಿಸಿ, ಆ ಸಂಖ್ಯೆಯನ್ನು ಹಡಗಿನ ವೇಗವೆಂದು ಪುಸ್ತಕದಲ್ಲಿ ನಮೂದಿಸುತ್ತಿದ್ದರು.

ಧಾರವಾಡಕ್ಕೆ ಕಡಲಿನೊಡನೆ ಇದ್ದ ನಂಟು ಮಾತಿನದು ಮಾತ್ರವಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿಯು ತಪ್ಪಿದಾಗ, ಇಲ್ಲಿಯ ಎರೆಹೊಲಗಳ ಅರಳೆಗೆ ಬೆಲೆಯೇರಿ, ಅದು ಚಕ್ಕಡಿಗಳಲ್ಲಿ ಘಟ್ಟವಿಳಿದು, ಕುಮಟೆಯಲ್ಲಿ ಪತ್ತೆಮಾರಿಯೆಂಬ ಹಾಯಿಹಡಗುಗಳನ್ನೇರಿ ಮುಂಬಯಿಗೆ ಸಾಗಿತು. ಬೆಳೆದ ನೆಲದ ಹೆಸರನ್ನು ಬದಿಗೊತ್ತಿ ಬಂದರಿನ ಹೆಸರೇ ನಿಂತಿತು: ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’. ಧಾರವಾಡದ ರೈತನಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. 1888ರ ಹೊತ್ತಿಗೆ ಗೋವೆಯ ಮುರಗಾಂವ ಬಂದರಿಗೆ ರೈಲುಮಾರ್ಗವು ಕೂಡಿದ ಮೇಲೆ ಕುಮಟೆಯ ವ್ಯಾಪಾರವು ಕುಗ್ಗಿತು.

ಇಷ್ಟಾಗಿಯೂ ನಮ್ಮ ಶಾಲೆಗಳಲ್ಲಿ ಕಡಲಿನಿಂದ ಬಂದ ಇಂಗ್ಲಿಷ್ ನುಡಿಗಟ್ಟುಗಳನ್ನು ಮೂಲ ತಿಳಿಸದೆ ಕಂಠಪಾಠ ಮಾಡಿಸುವುದೇ ನಡೆದಿದೆ. ‘ಬೈ ಅಂಡ್ ಲಾರ್ಜ್’ ಎಂಬುದು ಗಾಳಿಗೆ ಓರೆಯಾಗಿ ಎದುರೇರುವ, ಗಾಳಿ ಬೆನ್ನಿಗಿರಲು ನಿರಾಯಾಸವಾಗಿ ಸಾಗುವ, ಹಡಗಿನ ಎರಡು ನಡೆಗಳನ್ನು ಕೂಡಿಸಿದ ಮಾತೆಂದೂ, ‘ಫಸ್ಟ್ ರೇಟ್’ ಎಂಬುದು ನೂರು ಅಥವಾ ಅದಕ್ಕೂ ಮಿಕ್ಕ ಫಿರಂಗಿಗಳನ್ನು ಹೊತ್ತ ಬ್ರಿಟಿಷ್ ಯುದ್ಧನೌಕೆಯ ದರ್ಜೆಯೆಂದೂ ತಿಳಿಸಿದರೆ ಹುಡುಗರು ಬೇಸರಿಸಲಾರರು. ಹುಬ್ಬಳ್ಳಿ-ಧಾರವಾಡದ ಇಂಗ್ಲಿಷ್ ಶಿಕ್ಷಕರು ನಿವೃತ್ತ ಖಲಾಸಿಯೊಬ್ಬರನ್ನು ತರಗತಿಗೆ ಕರೆತಂದು, ಹಗ್ಗ-ರಾಟೆಗಳ ಕೆಲಸವನ್ನು ಅವರ ಕೈಯಿಂದಲೇ ಮಾಡಿ ತೋರಿಸಬೇಕೆಂದು ನನ್ನ ಬಿನ್ನಹ.