ಅಂದು ಗಿರಾಕಿಯಿಲ್ಲದ ಗಾಡಿ, ಇಂದು ಕೋಟಿಗಳ ಗಾಡಿ

ಅಪರೂಪದ ವಸ್ತುವಿಗೆ ಬೆಲೆ ಹೆಚ್ಚು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಒಂದು ವಸ್ತು ಅಪರೂಪವಾಗುವುದು ಹೇಗೆ? ತಯಾರಿಸಿದವನು ಬೇಕೆಂದೇ ಕಡಿಮೆ ತಯಾರಿಸಿದನೆ? ಇಲ್ಲವೇ ಕೊಳ್ಳುವವರೇ ಬರಲಿಲ್ಲವೆ? ಈ ಪ್ರಶ್ನೆಗೆ ಉತ್ತರವಾಗಿ ಒಂದು ಅಮೆರಿಕನ್ ಮೋಟಾರು ಗಾಡಿಯ ಕಥೆಯನ್ನು ವಾಚಕರ ಮುಂದಿಡುತ್ತೇನೆ.

2014ರ ಜೂನ್ ತಿಂಗಳಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಒಂದು ಹರಾಜು ನಡೆಯಿತು. ಅಲ್ಲಿ 1971ನೆಯ ಇಸವಿಯ ಒಂದು ನೀಲಿ ಬಣ್ಣದ ಪ್ಲಿಮತ್ ಗಾಡಿಗೆ ಬಿದ್ದ ಕೂಗು 35 ಲಕ್ಷ ಡಾಲರು. ಆಗಿನ ನಮ್ಮ ಲೆಕ್ಕದಲ್ಲಿ 20 ಕೋಟಿ ರೂಪಾಯಿಗೂ ಮೇಲೆ. ಅದು ಹೊಸದಾಗಿದ್ದಾಗ ಅಂಥ ಗಾಡಿಯ ಬೆಲೆ ಐದು ಸಾವಿರ ಡಾಲರಿನ ಆಸುಪಾಸು. ಆ ಬೆಲೆಗೂ ಅದನ್ನು ಕೊಳ್ಳಲು ಬಂದವರನ್ನು ಬೆರಳುಗಳಲ್ಲಿ ಎಣಿಸಬಹುದಿತ್ತು.

ಪ್ಲಿಮತ್ ಎಂಬ ಹೆಸರು ಮುಂಬಯಿಯ ಹಿರಿಯರಿಗೆ ಹೊಸದಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಪ್ರೀಮಿಯರ್ ಆಟೊಮೊಬೈಲ್ಸ್‌ನವರು 1947ರಿಂದ ಕುರ್ಲಾದ ಕಾರ್ಖಾನೆಯಲ್ಲಿ ಡಾಜ್, ಪ್ಲಿಮತ್ ಗಾಡಿಗಳನ್ನು ಜೋಡಿಸುತ್ತಿದ್ದರು. ಕ್ರೈಸ್ಲರ್ ಮನೆತನದಲ್ಲಿ ಪ್ಲಿಮತ್ ಸಾಮಾನ್ಯ ಸಂಸಾರಸ್ಥರ ಅಗ್ಗದ ಗಾಡಿ. ಅದೇ ಮನೆಯ ಒಂದು ಪುಂಡ ಮಗುವಿನ ಕಥೆ ಇದು.

1964ರ ಏಪ್ರಿಲ್ 1ರಂದು ಪ್ಲಿಮತ್‌ನವರು ಬ್ಯಾರಕುಡಾ ಎಂಬ ಗಾಡಿಯನ್ನು ಮಾರುಕಟ್ಟೆಗೆ ತಂದರು. ಬ್ಯಾರಕುಡಾ ಎಂಬುದು ಚೂಪು ಹಲ್ಲಿನ, ಬಾಣದಂತೆ ನುಗ್ಗುವ ಕಡಲ ಮೀನಿನ ಹೆಸರು. ಎರಡೇ ವಾರಗಳ ಬಳಿಕ ಫೋರ್ಡ್ ಕಂಪನಿ ಮಸ್ಟಾಂಗ್ ಎಂಬ ಗಾಡಿಯನ್ನು ಹೊರತಂದಿತು. ಅಮೆರಿಕದ ಯುವಜನರೆಲ್ಲ ಮಸ್ಟಾಂಗ್‌ಗೆ ಮರುಳಾದರು. ಮೊದಲು ಬಂದ ಬ್ಯಾರಕುಡಾ ಹಿಂದೆಯೇ ಉಳಿಯಿತು.

ಅದೇ ವರ್ಷದ ಫೆಬ್ರವರಿಯಲ್ಲಿ ಡೇಟೋನಾ ಎಂಬಲ್ಲಿ ನಡೆದ 500 ಮೈಲಿಗಳ ಪಂದ್ಯದಲ್ಲಿ ಕ್ರೈಸ್ಲರ್‌ನವರು ಒಂದು ಹೊಸ ಯಂತ್ರವನ್ನು ಇಳಿಸಿದ್ದರು. ರಿಚರ್ಡ್ ಪೆಟ್ಟಿ ಎಂಬಾತ ಆ ಯಂತ್ರದ ಪ್ಲಿಮತ್ ಓಡಿಸಿ ಗೆದ್ದ. ಮೊದಲ ಮೂರು ಸ್ಥಾನಗಳೂ ಪ್ಲಿಮತ್‌ಗೇ ದಕ್ಕಿದವು. ಆ ಯಂತ್ರಕ್ಕೆ ‘ಹೆಮಿ’ ಎಂದು ಹೆಸರು. ಹೆಮಿ ಎಂದರೆ ಅರ್ಧ. ಪೆಟ್ರೋಲು ಉರಿಯುವ ಕೋಶದ ಮೇಲ್ಭಾಗ ಅರ್ಧಗೋಳದಂತೆ, ಬೋರಲು ಹಾಕಿದ ಬಟ್ಟಲಿನಂತೆ ಇರುತ್ತಿದ್ದುದರಿಂದ ಈ ಹೆಸರು. ಬಟ್ಟಲಿನ ಇಬ್ಬದಿಯ ಇಳಿಜಾರಿನಲ್ಲಿ ಎದುರುಬದುರಾಗಿ ದೊಡ್ಡ ಕವಾಟಗಳನ್ನು ಕೂರಿಸಲು ಸ್ಥಳ ಸಿಗುತ್ತದೆ. ಹೊಸ ಗಾಳಿ ಒಂದು ಕಡೆಯಿಂದ ಸಲೀಸಾಗಿ ನುಗ್ಗುತ್ತದೆ, ಸುಟ್ಟ ಹೊಗೆ ಇನ್ನೊಂದು ಕಡೆಯಿಂದ ಸಲೀಸಾಗಿ ಹೊರಬೀಳುತ್ತದೆ. ಯಂತ್ರ ಎಷ್ಟು ಚೆನ್ನಾಗಿ ಉಸಿರಾಡುತ್ತದೆಯೋ ಅಷ್ಟು ಅದರ ಬಲ.

ಆ ಯಂತ್ರದ ಗಾತ್ರ 426 ಘನ ಅಂಗುಲ, ಅಂದರೆ ಸುಮಾರು 7 ಲೀಟರು. ನಮ್ಮ ಪ್ರೀಮಿಯರ್ ಪದ್ಮಿನಿಯ ಯಂತ್ರ 1 ಲೀಟರಿಗೆ ತುಸು ಹೆಚ್ಚು. ಅಂಥ ಆರು ಪದ್ಮಿನಿಗಳನ್ನು ಒಂದೇ ಬಾನೆಟ್ಟಿನಡಿ ತುಂಬಿದಂತೆ ಎಂದುಕೊಳ್ಳಿ. ಇದರ ತೂಕವನ್ನೂ ಗಾತ್ರವನ್ನೂ ಕಂಡು ಜನ ಇದನ್ನು ‘ಆನೆ’ ಎಂದೇ ಕರೆದರು. ಪಂದ್ಯ ನಡೆಸುವವರು ಜನರಿಗೆ ಮಾರದ ಯಂತ್ರವನ್ನು ಕಣಕ್ಕಿಳಿಸಬಾರದೆಂದು ತಡೆಯೊಡ್ಡಿದ್ದರಿಂದ, 1966ರಿಂದ ಕಂಪನಿ ಇದನ್ನು ಬೀದಿಯ ಗಾಡಿಗಳಿಗೂ ಹಾಕಿ ಮಾರತೊಡಗಿತು. ಕಂಪನಿ ಹೇಳಿದ ಬಲ 425 ಅಶ್ವಶಕ್ತಿ. ಸಾಧಾರಣ ಮೈಕಟ್ಟಿನ ಗಾಡಿಗೆ ಹೀಗೆ ಭಾರೀ ಯಂತ್ರ ಕೂರಿಸಿದ ಜಟ್ಟಿ ಗಾಡಿಗಳಿಗೆ ಆ ನಾಡಿನಲ್ಲಿ ‘ಮಸಲ್ ಕಾರ್’ ಎಂದು ಹೆಸರಾಯಿತು.

1970ರ ಸಾಲಿಗೆ ಬ್ಯಾರಕುಡಾ ಹೊಸ ರೂಪ ತಾಳಿತು. ಜಾನ್ ಹರ್ಲಿಟ್ಜ್ ಎಂಬ ವಿನ್ಯಾಸಕಾರ ಅದಕ್ಕೆ ಅಗಲವಾದ, ನೆಲಕ್ಕೆ ತಗ್ಗಿದ ಮೈಕಟ್ಟು ಕೊಟ್ಟ. ಈಗ ಆನೆಗೂ ಒಳಗೆ ಜಾಗವಾಯಿತು. ವೇಗದ ದರ್ಜೆಯ ಗಾಡಿಗೆ ಹೆಸರನ್ನು ಮೊಟಕುಗೊಳಿಸಿ ‘ಕುಡಾ’ ಎಂದರು. ಅದರಲ್ಲಿ ಗಟ್ಟಿ ಚಾವಣಿಯದು ಒಂದು ಬಗೆ. ಚಾವಣಿಯನ್ನು ಹಿಂದಕ್ಕೆ ಮಡಚಿ ಗಾಳಿಗೆ ತೆರೆದು ಓಡಿಸುವ ಕನ್ವರ್ಟಿಬಲ್ ಇನ್ನೊಂದು ಬಗೆ.

ತೊಡಕು ಇಲ್ಲಿಯೇ ಇತ್ತು. ಕುಡಾ ಕನ್ವರ್ಟಿಬಲ್‌ಗೆ ಮೂಲ ಬೆಲೆ ಸುಮಾರು 3,400 ಡಾಲರು. ಹೆಮಿ ಯಂತ್ರ ಬೇಕೆಂದರೆ ಮೇಲೆ ಇನ್ನೂ ಸುಮಾರು 870 ಡಾಲರು, ಅಂದರೆ ಗಾಡಿಯ ಬೆಲೆಯ ಕಾಲು ಭಾಗ. ಇಷ್ಟು ತೆತ್ತು ಯಾರು ಕೊಂಡಾರು? ಪಂದ್ಯದ ಹುಚ್ಚಿನವನಿಗೆ ಗಟ್ಟಿ ಚಾವಣಿಯೇ ಬೇಕು. ತೆರೆದ ಗಾಡಿಯ ಮೈ ಸಡಿಲ, ಅದನ್ನು ಬಿಗಿಗೊಳಿಸಲು ಹಾಕಿದ ಉಕ್ಕಿನಿಂದ ತೂಕವೂ ಹೆಚ್ಚು. ಗಾಳಿ ಬಿಸಿಲು ಸವಿಯುತ್ತ ಹೋಗುವವನಿಗೋ ನೀರಿನಂತೆ ಪೆಟ್ರೋಲು ಕುಡಿಯುವ ಆನೆಯ ಹಂಗೇಕೆ? ಎರಡು ಬಗೆಯ ಆಸೆಗಳೂ ಒಬ್ಬನಲ್ಲೇ ಇದ್ದು, ಕೈಯಲ್ಲಿ ಹಣವೂ ಇದ್ದವನು ಮಾತ್ರ ಗಿರಾಕಿಯಾಗಬೇಕು.

ಅಂಥವರು 1970ರಲ್ಲಿ ಸಿಕ್ಕಿದ್ದು 14 ಮಂದಿ. ಒಂಬತ್ತು ಗಾಡಿಗಳಿಗೆ ತಾನೇ ಬದಲಾಗುವ ಗೇರು, ಐದಕ್ಕೆ ಕೈಯಿಂದ ಬದಲಿಸುವ ನಾಲ್ಕು ಗೇರು. ಮರುವರ್ಷ ಇನ್ನೂ ಕಡಿಮೆ. 1971ರ ಗಾಡಿಗಳು ಹನ್ನೊಂದು ಎಂದು ಹೆಚ್ಚಿನವರ ಲೆಕ್ಕ, ಹನ್ನೆರಡು ಎನ್ನುವವರೂ ಇದ್ದಾರೆ. ಆ ಎರಡು ವರ್ಷಗಳಲ್ಲಿ ಬ್ಯಾರಕುಡಾ ಎಲ್ಲ ಬಗೆಗಳೂ ಸೇರಿ 70 ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು. ಅಷ್ಟರಲ್ಲಿ ಹೆಮಿ ಕನ್ವರ್ಟಿಬಲ್‌ಗಳು ಇಪ್ಪತ್ತೈದೋ ಇಪ್ಪತ್ತಾರೋ.

ಅಷ್ಟರಲ್ಲಿ ಕಾಲವೂ ತಿರುಗಿತ್ತು. ಇಂಥ ಗಾಡಿಗಳಿಂದ ಆದ ಅಪಘಾತಗಳನ್ನು ಕಂಡು ವಿಮಾ ಕಂಪನಿಗಳು ಎಳೆಯ ಚಾಲಕರಿಗೆ ಭಾರೀ ಕಂತು ಹೇರಿದವು. 1970ರ ಡಿಸೆಂಬರ್ 31ರಂದು ಅಧ್ಯಕ್ಷ ನಿಕ್ಸನ್ ಹೊಗೆಯ ವಿಷವನ್ನು ಹತೋಟಿಗೆ ತರುವ ವಾಯುಶುದ್ಧಿ ಕಾನೂನಿಗೆ ರುಜು ಹಾಕಿದರು. 1971ರ ಸಾಲಿನೊಡನೆ ಬೀದಿಯ ಹೆಮಿ ನಿಂತಿತು; ಬ್ಯಾರಕುಡಾದಲ್ಲಿ ಕನ್ವರ್ಟಿಬಲ್ ಕೂಡ ಅದೇ ವರ್ಷಕ್ಕೆ ಕೊನೆ. 1973ರಲ್ಲಿ ಎಣ್ಣೆಯ ಅಭಾವ ಬಂತು. 1974ರ ಏಪ್ರಿಲ್ 1ರಂದು, ಹುಟ್ಟಿದ ದಿನಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದಾಗ, ಬ್ಯಾರಕುಡಾ ತಯಾರಿಕೆಯೇ ನಿಂತಿತು. ಪ್ಲಿಮತ್ ಎಂಬ ಹೆಸರೂ 2001ರಲ್ಲಿ ಅಳಿಯಿತು.

ಇನ್ನು ವಾಚಕರು ಕೇಳಬಹುದು: ಯಂತ್ರ ಬೇರೆ, ಮೈ ಬೇರೆ, ಯಾವನೋ ಒಬ್ಬ ಸಾಧಾರಣ ಕುಡಾಗೆ ಹೆಮಿ ಯಂತ್ರ ಕೂರಿಸಿ ಅಸಲಿ ಎಂದು ಮಾರಿದರೆ? ಹಾಗೆ ಕೂರಿಸಿದ ಗಾಡಿಗಳು ಬಹಳ ಇವೆ. ಓಡಿಸುವವನಿಗೆ ಎರಡರಲ್ಲೂ ಭೇದ ಕಾಣದು. ಭೇದವಿರುವುದು ದಾಖಲೆಯಲ್ಲಿ. ಪ್ರತಿ ಗಾಡಿಯ ಮುಂಗಾಜಿನ ಕೆಳಗೆ ಕಾರ್ಖಾನೆಯ ಗುರುತು ಸಂಖ್ಯೆಯ ತಗಡಿದೆ. 1971ರ ಅಸಲಿ ಗಾಡಿಯ ಸಂಖ್ಯೆ ‘ಬಿ ಎಸ್ 27 ಆರ್ 1 ಬಿ’ ಎಂದು ಆರಂಭವಾಗುತ್ತದೆ. ಮೊದಲ ‘ಬಿ’ ಬ್ಯಾರಕುಡಾ. ‘ಎಸ್’ ವೇಗದ ದರ್ಜೆ. 27 ಎಂದರೆ ಕನ್ವರ್ಟಿಬಲ್. ‘ಆರ್’ ಎಂದರೆ 426ರ ಹೆಮಿ. 1 ಎಂದರೆ 1971. ಕೊನೆಯ ‘ಬಿ’ ಡೆಟ್ರಾಯಿಟ್ ಬಳಿಯ ಹ್ಯಾಮ್‌ಟ್ರಾಮಿಕ್ ಕಾರ್ಖಾನೆ. ಆ ಒಂದು ‘ಆರ್’ ಅಕ್ಷರಕ್ಕೆ ಕೋಟಿಗಳ ಬೆಲೆ.

ಇನ್ನೊಂದು ದಾಖಲೆಯೂ ಇದೆ. ಗಾಡಿ ಜೋಡಣೆಯ ಸಾಲಿನಲ್ಲಿ ಸಾಗುವಾಗ ಯಾವ ಬಣ್ಣ, ಯಾವ ಯಂತ್ರ, ಯಾವ ಗೇರು ಎಂದು ಕೆಲಸಗಾರರಿಗೆ ತಿಳಿಸುವ ಒಂದು ಕಾಗದ ಅದರ ಜೊತೆಯಲ್ಲೇ ಬರುತ್ತಿತ್ತು. ಕೆಲಸ ಮುಗಿದ ಮೇಲೆ ಅದು ಬೇಡದ ಚೀಟಿ. ಅದನ್ನು ಆಸನದ ಸ್ಪ್ರಿಂಗುಗಳ ನಡುವೆಯೋ ಪೆಟ್ರೋಲು ಟ್ಯಾಂಕಿನ ಮೇಲೆಯೋ ಬಿಟ್ಟುಬಿಡುತ್ತಿದ್ದರು. ದಶಕಗಳ ಬಳಿಕ ಗಾಡಿಯನ್ನು ಬಿಚ್ಚಿದವರಿಗೆ ಧೂಳು ಹಿಡಿದ ಆ ಚೀಟಿಗಳು ಸಿಕ್ಕಿವೆ; ಗಾಡಿಯ ಅಸಲಿತನಕ್ಕೆ ಈಗ ಅವೇ ಸಾಕ್ಷಿ.

ಈ ಕಥೆಯಲ್ಲಿ ಗಮನಿಸಬೇಕಾದುದು ಹಣದ ಮೊತ್ತವಲ್ಲ. ಕಾರ್ಖಾನೆಯವರು ಅಮೂಲ್ಯ ವಸ್ತುವನ್ನು ತಯಾರಿಸುತ್ತಿದ್ದೇವೆಂದು ತಿಳಿದಿರಲಿಲ್ಲ. ಕೊಂಡವರೂ ನಿಧಿಯನ್ನು ಕೂಡಿಡುತ್ತಿದ್ದೇವೆಂದು ಕೊಳ್ಳಲಿಲ್ಲ. ಮಾರಾಟವಾಗದ ಸರಕಾಗಿ ಸೋತದ್ದೇ ಗಾಡಿಯನ್ನು ಅಪರೂಪವಾಗಿಸಿತು. ಯಾರೋ ಎಸೆಯದೆ ಮರೆತ ಚೀಟಿ ಅದನ್ನು ನಂಬಿಕೆಗೆ ಅರ್ಹವಾಗಿಸಿತು. ಮನೆಯ ಹಳೆಯ ಪೆಟ್ಟಿಗೆಯನ್ನು ಖಾಲಿ ಮಾಡಿ ಕಾಗದಗಳನ್ನು ರದ್ದಿಯವನಿಗೆ ತೂಗಿ ಕೊಡುವ ಮೊದಲು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.