ಶರದೃತುವಿನ ಕೆರೆಯಂಗಳದಲ್ಲಿ ಹಕ್ಕಿಗಳ ದರ್ಶನ



ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಶರದೃತುವಿನ ಕಾಲ. ಮಳೆಗಾಲದಲ್ಲಿ ಸಂಚಯಗೊಂಡ ಪಿತ್ತವು ಈ ಋತುವಿನ ಬಿಸಿಲಿಗೆ ಪ್ರಕೋಪಗೊಳ್ಳುತ್ತದೆ ಎಂಬುದು ಆಯುರ್ವೇದದ ಮತ. ಈ ಋತುವಿನ ತಿಳಿನೀರನ್ನು ಚರಕ ಸಂಹಿತೆಯು ‘ಹಂಸೋದಕ’ವೆಂದು ಕೊಂಡಾಡಿದೆ. ಹಗಲು ಸೂರ್ಯನಿಂದ ಕಾಯ್ದು, ಇರುಳು ಚಂದ್ರನಿಂದ ತಂಪಾಗಿ, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ವಿಷವಾದ ನೀರೇ ಅದು. ದೂರದೇಶದ ಹಕ್ಕಿಗಳು ನಮ್ಮ ಕೆರೆಗಳತ್ತ ಹೊರಡುವುದೂ ಇದೇ ಕಾಲದಲ್ಲಿ.

ಯರಗುಪ್ಪಿ, ಕುಂದಗೋಳ ಕಡೆಯವರು ಈ ಅತಿಥಿಗಳನ್ನು ಕಾಣಲು ಬಹುದೂರ ಹೋಗಬೇಕಿಲ್ಲ. ನೆರೆಯ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಕೆರೆಯಿದೆ. 2024ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ತ್ವದ ರಾಮ್‌ಸರ್ ತಾಣವೆಂದು ಘೋಷಿತವಾಯಿತು. ಶರದೃತು ಮುಗಿದು ಚಳಿ ಮೊದಲಾಗುವ ಹೊತ್ತಿಗೆ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವುದೇ ಅವುಗಳ ಗುರುತು. ಮಂಗೋಲಿಯ, ಟಿಬೆಟ್, ಲಡಾಖ್‌ಗಳಲ್ಲಿ ಮರಿಮಾಡುವ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. 7,000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ವಿರಳವಾದ ಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಲವಾಗಿ ಹಿಡಿದುಕೊಳ್ಳುವುದು ಇದಕ್ಕೊಂದು ಕಾರಣ.

ಪಕ್ಷಿವೀಕ್ಷಣೆಯಿಂದ ದೇಹಕ್ಕೂ ಹಿತವುಂಟು. ದಿನವಿಡೀ ಮೊಬೈಲು, ಪುಸ್ತಕಗಳಂತಹ ಹತ್ತಿರದ ವಸ್ತುಗಳನ್ನೇ ನೋಡಿ ದಣಿದ ಕಣ್ಣಿನ ಸ್ನಾಯುಗಳು ದೂರದ ನೋಟದಿಂದ ಸಡಿಲಗೊಳ್ಳುತ್ತವೆ. ಕೆರೆಯ ಏರಿಯ ಮೇಲಿನ ನಿಧಾನ ನಡಿಗೆಯು ಮಧುಮೇಹಿಗಳಿಗೂ ವೃದ್ಧರಿಗೂ ಒಗ್ಗುವ ವ್ಯಾಯಾಮ. ಆದರೆ ಶರದೃತುವಿನಲ್ಲಿ ಬಿಸಿಲು, ಇಬ್ಬನಿ, ಮೂಡಣ ಗಾಳಿ ಈ ಮೂರನ್ನೂ ವರ್ಜಿಸಬೇಕೆಂದು ಚರಕರು ವಿಧಿಸಿದ್ದಾರೆ. ಆದಕಾರಣ ಇಬ್ಬನಿ ಆರಿದ ಮೇಲೆ ಹೊರಟು, ಬಿಸಿಲೇರುವ ಮುನ್ನ ಮರಳುವುದು ಲೇಸು. ತಲೆಗೆ ವಸ್ತ್ರವಿರಲಿ, ಬರಿಹೊಟ್ಟೆಯಲ್ಲಿ ಹೋಗದೆ ನೆನೆಸಿದ ಒಣದ್ರಾಕ್ಷಿಯನ್ನಾದರೂ ಸೇವಿಸಿರಿ. ಮಧುಮೇಹವುಳ್ಳವರು ದ್ರಾಕ್ಷಿಯ ಬದಲು ತಮ್ಮ ಪಥ್ಯದ ಲಘು ಆಹಾರವನ್ನು ಕೊಳ್ಳಲಿ.

ಇನ್ನೊಂದು ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ. ಹಕ್ಕಿ ಇಳಿದ ಮಾತ್ರಕ್ಕೆ ಆ ನೀರು ಇಂದು ಹಂಸೋದಕವೆಂದು ತಿಳಿಯಬಾರದು. ಸೂರ್ಯಚಂದ್ರರು ಕೀಟನಾಶಕವನ್ನು ತೊಳೆಯಲಾರರು. ನಮ್ಮ ಎರೆಸೀಮೆಯ ಅನೇಕ ಊರುಗಳಿಗೆ ಕುಡಿಯಲು ಕೆರೆಯ ನೀರೇ ಆಧಾರ. ಕಡಲೆಗೋ ಹತ್ತಿಗೋ ಎಣ್ಣೆ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆದರೆ, ಖಾಲಿ ಡಬ್ಬಿಯನ್ನು ಅಲ್ಲಿಯೇ ಎಸೆದರೆ, ಅದರ ವಿಷವು ಹಕ್ಕಿಗೂ ನಮ್ಮ ಮಕ್ಕಳಿಗೂ ಸಮನಾಗಿ ಸೇರುತ್ತದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಈ ವಿಷ ಹೋಗುವುದಿಲ್ಲ.

ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿರಿ. ಹಕ್ಕಿಜ್ವರದ ಸಂಶಯವಿರುವುದರಿಂದ ಪಶುವೈದ್ಯರಿಗೆ ತಿಳಿಸಿರಿ. ಬದುಕಿರುವ ಹಕ್ಕಿಗಳನ್ನು ದೂರದಿಂದಲೇ ನೋಡಿರಿ, ಕಲ್ಲೆಸೆದು ಹಾರಿಸಬೇಡಿರಿ. ದಣಿದು ಬಂದ ಅತಿಥಿಗೆ ವಿಶ್ರಾಂತಿ ಕೊಡುವುದೂ ದಾಸೋಹವೇ. ಈ ಸಲ ಮಕ್ಕಳನ್ನು ಕರೆದುಕೊಂಡು ಕೆರೆಗೆ ಹೋಗುವ ಭಕ್ತರು, ದಂಡೆಯಲ್ಲಿ ಬಿದ್ದ ಔಷಧದ ಡಬ್ಬಿಗಳು ಎಷ್ಟಿವೆಯೆಂದು ಎಣಿಸಿ ತಮ್ಮ ಗ್ರಾಮ ಪಂಚಾಯಿತಿಯ ಗಮನಕ್ಕೆ ತರಬೇಕೆಂದು ನಮ್ಮ ವಿನಂತಿ.